ಮೆಲ್ಬೋರ್ನಿನಲ್ಲಿ ಮನೆ ಕಟ್ಟಿಸುವವರಿಗೆ: ಸೈಟಿನ ಮುಂದಿನ ಫುಟ್‌ಪಾತ್, ಕೌನ್ಸಿಲ್ ಪರ್ಮಿಟ್ ಮತ್ತು ನಿಮ್ಮ ಬಾಂಡ್ ಹಣ

ಮನೆ ಕಟ್ಟಿಸಲು ಹೊರಟವರ ಖರ್ಚಿನ ಪಟ್ಟಿಯಲ್ಲಿ ಸ್ಲ್ಯಾಬ್, ಫ್ರೇಮ್, ಇಟ್ಟಿಗೆ, ಅಡುಗೆಮನೆಯ ಕಲ್ಲು, ಕಿಟಕಿ ಪರದೆ, ಕೊನೆಗೆ ಗೃಹಪ್ರವೇಶದ ಊಟವೂ ಇರುತ್ತದೆ. ಸೈಟಿನ ಮುಂದಿನ ಫುಟ್‌ಪಾತ್ ಮಾತ್ರ ಇರುವುದಿಲ್ಲ. ಅದು ನಮ್ಮದಲ್ಲ, ಅದರ ಗೊಡವೆ ನಮಗೇಕೆ ಎನ್ನಿಸುವುದು ಸಹಜ. ವಿಕ್ಟೋರಿಯಾದ ಕೌನ್ಸಿಲ್‌ಗಳ, ಅಂದರೆ ಇಲ್ಲಿನ ಸ್ಥಳೀಯ ಆಡಳಿತಗಳ, ಲೆಕ್ಕವೇ ಬೇರೆ. ಅದು ನಿಮ್ಮದಲ್ಲ, ಊರಿನದು. ನಿಮ್ಮ ಕೆಲಸದಿಂದ ಅದು ಒಡೆದರೆ ರಿಪೇರಿ ಖರ್ಚು ಊರಿನವರ ತೆರಿಗೆಯಿಂದ ಹೋಗಬಾರದು, ನಿಮ್ಮಿಂದಲೇ ಬರಬೇಕು.

ಈ ಲೆಕ್ಕಕ್ಕೆ ಇಲ್ಲಿ ಇಟ್ಟಿರುವ ಹೆಸರು ಅಸೆಟ್ ಪ್ರೊಟೆಕ್ಷನ್ ಪರ್ಮಿಟ್. ವಿಕ್ಟೋರಿಯಾದಲ್ಲಿ ಒಟ್ಟು 79 ಕೌನ್ಸಿಲ್‌ಗಳಿವೆ. ಲೋಕಲ್ ಗವರ್ನಮೆಂಟ್ ಆಕ್ಟ್ 2020ರ ಅಡಿಯಲ್ಲಿ ಪ್ರತಿಯೊಂದೂ ತನ್ನದೇ ಲೋಕಲ್ ಲಾ ಮಾಡಿಕೊಳ್ಳಬಹುದು. ಈ ಪರ್ಮಿಟ್ ಹುಟ್ಟುವುದು ಆ ಲೋಕಲ್ ಲಾದಿಂದ. ಹಾಗಾಗಿ ಟಾರ್ನೀಟ್‌ನಲ್ಲಿ ಮನೆ ಕಟ್ಟಿಸಿದ ಗೆಳೆಯರು ಹೇಳಿದ ಫೀಸು, ಫಾರಂ, ನಿಯಮ ಕ್ಲೈಡ್‌ನಲ್ಲಿ ಕಟ್ಟಿಸುವ ನಿಮಗೆ ಹೊಂದಬೇಕೆಂದಿಲ್ಲ. ಒಂದು ವಿಂಡಮ್ ಕೌನ್ಸಿಲ್‌ಗೆ ಸೇರಿದ್ದು, ಇನ್ನೊಂದು ಕೇಸಿ ಕೌನ್ಸಿಲ್‌ಗೆ. ಹೆಸರು ಕೂಡ ಅಲ್ಲಲ್ಲಿ ಸ್ವಲ್ಪ ಬದಲಾಗುತ್ತದೆ. ಆದರೆ ತಿರುಳು ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ: ಕೆಲಸ ಶುರುವಾಗುವ ಮೊದಲು ಅರ್ಜಿ ಹಾಕಿ ಫೀಸು ಕಟ್ಟುವುದು, ಒಂದಿಷ್ಟು ಹಣ ಬಾಂಡ್ ಆಗಿ ಇಡುವುದು, ಸೈಟಿನ ಮುಂದಿನ ಕೌನ್ಸಿಲ್ ಆಸ್ತಿ ಯಾವ ಸ್ಥಿತಿಯಲ್ಲಿತ್ತೆಂದು ದಾಖಲಿಸುವುದು, ಮುಗಿದ ಮೇಲೆ ಕೌನ್ಸಿಲ್‌ನವರು ನೋಡಿ ಸರಿಯಿದ್ದರೆ ಬಾಂಡ್ ಹಿಂದಿರುಗಿಸುವುದು.

ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಅಡ್ವಾನ್ಸ್ ಕೊಟ್ಟು, ಬಿಡುವಾಗ ಪೇಂಟಿಂಗ್ ಚಾರ್ಜ್ ಎಷ್ಟು ಹಿಡಿಯುತ್ತಾರೋ ಎಂದು ಕಾದವರಿಗೆ ಬಾಂಡ್ ಏನೆಂದು ವಿವರಿಸಬೇಕಿಲ್ಲ. ವ್ಯತ್ಯಾಸ ಒಂದೇ. ಇಲ್ಲಿ ಕಾಗದ, ಫೋಟೋ ಸರಿಯಾಗಿದ್ದರೆ ವಾದ ಗೆಲ್ಲಬಹುದು.

ಕೌನ್ಸಿಲ್ ಆಸ್ತಿ ಎಂದರೆ ಎಲ್ಲಿಂದ ಎಲ್ಲಿಗೆ

ನಿಮ್ಮ ಸೈಟಿನ ಗಡಿ ಮುಗಿದಲ್ಲಿಂದ ಎದುರು ಮನೆಯ ಗಡಿಯವರೆಗಿನ ಜಾಗವೆಲ್ಲ ರೋಡ್ ರಿಸರ್ವ್. ಟಾರು ಹಾಕಿದ ಭಾಗವಷ್ಟೇ ರಸ್ತೆ ಎಂದುಕೊಳ್ಳಬೇಡಿ. ಫುಟ್‌ಪಾತ್, ರಸ್ತೆಯಂಚಿನ ಕಟ್ಟೆಯಾದ ಕರ್ಬ್ ಮತ್ತು ಅದರ ಪಕ್ಕ ನೀರು ಹರಿಯುವ ಚಾನೆಲ್, ಮಳೆನೀರಿನ ಪಿಟ್‌ಗಳು ಮತ್ತವುಗಳ ಮುಚ್ಚಳ, ನೆಲದಡಿಯ ಪೈಪು, ಬೀದಿ ಮರ, ರಸ್ತೆಯ ಹೆಸರಿನ ಫಲಕ ಎಲ್ಲವೂ ಇದರೊಳಗೆ ಬರುತ್ತವೆ. ಫುಟ್‌ಪಾತಿಗೂ ಕರ್ಬಿಗೂ ನಡುವಿನ ಹುಲ್ಲಿನ ಪಟ್ಟಿ, ಅಂದರೆ ನೇಚರ್ ಸ್ಟ್ರಿಪ್ ಕೂಡ ಕೌನ್ಸಿಲ್ ಜಾಗವೇ. ಹುಲ್ಲು ಕತ್ತರಿಸುವ ಕೆಲಸ ಮಾತ್ರ ನಿಮ್ಮದು!

ಹೆಚ್ಚು ಗೊಂದಲ ಕ್ರಾಸೋವರ್ ಬಗ್ಗೆ. ಕರ್ಬಿನಿಂದ ನಿಮ್ಮ ಗಡಿಯವರೆಗೆ ಕಾರು ಹತ್ತಲು ಹಾಕಿದ ಕಾಂಕ್ರೀಟ್ ಇಳಿಜಾರು ಅದು. ಗಡಿಯೊಳಗಿನ ಡ್ರೈವ್‌ವೇ ನಿಮ್ಮದು. ಕ್ರಾಸೋವರ್ ಇರುವ ಜಾಗ ಕೌನ್ಸಿಲ್‌ನದು, ಆದರೆ ಅದನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ಹೊಣೆಯನ್ನು ಹಲವು ಕೌನ್ಸಿಲ್‌ಗಳು ಮನೆಯವರಿಗೇ ವಹಿಸಿವೆ. ಕಾಂಕ್ರೀಟ್ ಲಾರಿ ಹತ್ತಿ ಅದು ಬಿರುಕು ಬಿಟ್ಟರೆ ಯಾರನ್ನು ಕೇಳುತ್ತಾರೆ ಎನ್ನುವುದು ಇದರಿಂದಲೇ ತಿಳಿಯುತ್ತದೆ.

ಇದೇ ಪಟ್ಟಿಯಲ್ಲಿ ಕೌನ್ಸಿಲ್‌ಗೆ ಸೇರದ ವಸ್ತುಗಳೂ ಬೆರೆತಿರುತ್ತವೆ. ಫುಟ್‌ಪಾತಿನಲ್ಲಿರುವ ಟೆಲ್‌ಸ್ಟ್ರಾ ಪಿಟ್, ನೀರಿನ ಮೀಟರ್, ಕರೆಂಟು ಕಂಬ ಇವಕ್ಕೆ ಬೇರೆ ಬೇರೆ ಒಡೆಯರಿದ್ದಾರೆ. ಪಶ್ಚಿಮ ಬಡಾವಣೆಗಳಲ್ಲಿ ನೀರು ಗ್ರೇಟರ್ ವೆಸ್ಟರ್ನ್ ವಾಟರ್‌ನವರದು, ಆಗ್ನೇಯದಲ್ಲಿ ಸೌತ್ ಈಸ್ಟ್ ವಾಟರ್, ಉತ್ತರ ಮತ್ತು ಪೂರ್ವದಲ್ಲಿ ಯಾರಾ ವ್ಯಾಲಿ ವಾಟರ್. ಇವು ಒಡೆದರೆ ಕೌನ್ಸಿಲ್ ಬಾಂಡ್‌ಗೆ ಸಂಬಂಧವಿಲ್ಲ, ಆಯಾ ಕಂಪನಿಯೇ ಬಿಲ್ ಕಳಿಸುತ್ತದೆ. ಅಗೆಯುವ ಮೊದಲು ಬಿಫೋರ್ ಯೂ ಡಿಗ್ ಆಸ್ಟ್ರೇಲಿಯಾದಲ್ಲಿ ಉಚಿತವಾಗಿ ವಿಚಾರಣೆ ಹಾಕಿದರೆ ನೆಲದಡಿ ಯಾರ್ಯಾರ ತಂತಿ, ಪೈಪು ಹಾದಿವೆ ಎಂಬ ನಕ್ಷೆಗಳನ್ನು ಆಯಾ ಕಂಪನಿಗಳು ಕಳಿಸುತ್ತವೆ. ಬಿಲ್ಡರ್ ಇದನ್ನು ಮಾಡಿಯೇ ಮಾಡುತ್ತಾರೆ. ಮುಂದೆ ಬೇಲಿ ಕಂಬಕ್ಕೆ ಗುಂಡಿ ತೋಡುವವರು, ಗಿಡ ನೆಡಲು ಮಿನಿ ಡಿಗ್ಗರ್ ಬಾಡಿಗೆಗೆ ತರುವವರು ಬಹಳ ಸಲ ಮಾಡುವುದಿಲ್ಲ.

ನಿಮಗೆ ಪರ್ಮಿಟ್ ಬೇಕೇ, ಯಾರ ಹೆಸರಿನಲ್ಲಿ

ಹೊಸ ಮನೆ, ಹಳೆ ಮನೆ ಕೆಡವುವುದು, ವಿಸ್ತರಣೆ, ಈಜುಕೊಳ ಇವಕ್ಕೆ ಬಹುತೇಕ ಬೇಕೇ ಬೇಕು. ಸಣ್ಣ ಕೆಲಸಗಳಿಗೆ ಕೆಲವು ಕೌನ್ಸಿಲ್‌ಗಳು ಕೆಲಸದ ಮೌಲ್ಯ ನೋಡಿ ವಿನಾಯಿತಿ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಮನೆ ಯಾವ ಕೌನ್ಸಿಲ್‌ಗೆ ಸೇರಿದೆಯೋ ಅದರ ಅಸೆಟ್ ಪ್ರೊಟೆಕ್ಷನ್ ವಿಭಾಗಕ್ಕೆ ಒಂದು ಫೋನ್ ಮಾಡಿದರೆ ಮುಗಿಯಿತು. ಊಹೆ ಮಾಡಬೇಡಿ.

ಬಿಲ್ಡಿಂಗ್ ಪರ್ಮಿಟ್ ಸಿಕ್ಕಿದೆ, ಇನ್ನು ಇದೇಕೆ ಎಂದು ಕೇಳುವವರಿದ್ದಾರೆ. ಬಿಲ್ಡಿಂಗ್ ಪರ್ಮಿಟ್ ಕೊಡುವುದು ಬಿಲ್ಡಿಂಗ್ ಸರ್ವೇಯರ್. ಹೆಚ್ಚಿನ ಮನೆಗಳಿಗೆ ಅವರು ಖಾಸಗಿಯವರು. ಬಿಲ್ಡಿಂಗ್ ಆಕ್ಟ್ 1993ರ ಪ್ರಕಾರ ಅವರು ನೋಡುವುದು ನಿಮ್ಮ ಕಟ್ಟಡವನ್ನು. ಬೀದಿ ಅವರ ಕೈಯಲ್ಲಿಲ್ಲ. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಬಂದಂತಲ್ಲ.

ಯಾರ ಹೆಸರಿನಲ್ಲಿ ಅರ್ಜಿ ಹಾಕಬೇಕು ಎನ್ನುವುದು ಮೇಲ್ನೋಟಕ್ಕೆ ಚಿಕ್ಕ ವಿಷಯ, ಆದರೆ ಹಣದ ಜಗಳಗಳ ಬೇರು ಬಹಳ ಮಟ್ಟಿಗೆ ಅಲ್ಲೇ ಇದೆ. ಮಾಲೀಕರೂ ಹಾಕಬಹುದು, ಬಿಲ್ಡರ್ ಕೂಡ ಹಾಕಬಹುದು. ಪರ್ಮಿಟ್ ಯಾರ ಹೆಸರಿನಲ್ಲಿದೆಯೋ ಅವರು ಅದರ ಷರತ್ತುಗಳಿಗೆ ಬದ್ಧರು, ಕೌನ್ಸಿಲ್‌ನ ಪತ್ರ ಬರುವುದು ಅವರಿಗೇ. ನನ್ನ ಅಭಿಪ್ರಾಯ ಕೇಳಿದರೆ, ಸೈಟ್ ಯಾರ ಸ್ವಾಧೀನದಲ್ಲಿರುತ್ತದೆಯೋ ಪರ್ಮಿಟ್ ಅವರ ಹೆಸರಿನಲ್ಲೇ ಇರಬೇಕು. ಕಾಂಕ್ರೀಟ್ ಲಾರಿ ಎಲ್ಲಿ ನಿಲ್ಲಬೇಕು, ಇಟ್ಟಿಗೆ ಎಲ್ಲಿ ಇಳಿಸಬೇಕು ಎಂದು ತೀರ್ಮಾನಿಸುವವರು ಬಿಲ್ಡರ್. ಹಾಗಿರುವಾಗ ಬಾಂಡ್ ಮಾತ್ರ ನಿಮ್ಮ ತಲೆಯ ಮೇಲೆ ಏಕೆ?

ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಬಿಲ್ಡರ್‌ಗೆ ಈ ನಾಲ್ಕು ಪ್ರಶ್ನೆ ಇಮೇಲ್‌ನಲ್ಲೇ ಕೇಳಿ. ಅಸೆಟ್ ಪ್ರೊಟೆಕ್ಷನ್ ಪರ್ಮಿಟ್ ಯಾರು ಮಾಡಿಸುತ್ತಾರೆ? ಫೀಸು ಒಪ್ಪಂದದ ಬೆಲೆಯಲ್ಲಿ ಸೇರಿದೆಯೇ? ಬಾಂಡ್ ಯಾರು ಕಟ್ಟುತ್ತಾರೆ? ಕೆಲಸದವರಿಂದ ಫುಟ್‌ಪಾತ್ ಒಡೆದರೆ ಸರಿಪಡಿಸುವವರು ಯಾರು? ಒಪ್ಪಂದದ ಯಾವುದೋ ಮೂಲೆಯಲ್ಲಿ "ಕೌನ್ಸಿಲ್ ಶುಲ್ಕ, ಬಾಂಡ್‌ಗಳು ಮಾಲೀಕರ ಖರ್ಚು" ಎಂಬ ಸಾಲು ಇದ್ದರೆ ಆಗಲೇ ಗೊತ್ತಾಗಲಿ. ಬಾಯಿ ಮಾತಿನಲ್ಲಿ "ಡೋಂಟ್ ವರಿ ಮೇಟ್" ಅಂದದ್ದು ಬಾಂಡ್ ಮುಟ್ಟುಗೋಲು ಹಾಕುವ ದಿನ ಕೆಲಸಕ್ಕೆ ಬರುವುದಿಲ್ಲ.

ಓನರ್ ಬಿಲ್ಡರ್ ಆಗಿ ನೀವೇ ಕಟ್ಟಿಸುತ್ತಿದ್ದರೆ ಪ್ರಶ್ನೆಯೇ ಇಲ್ಲ, ಎಲ್ಲ ನಿಮ್ಮದೇ. ಹಳೆ ಮನೆ ಕೆಡವಿ ಹೊಸದು ಕಟ್ಟಿಸುವವರು ಇನ್ನೊಂದು ನೋಡಿಕೊಳ್ಳಬೇಕು. ಕೆಡವುವವರು ಬೇರೆ, ಕಟ್ಟುವವರು ಬೇರೆ. ಇಬ್ಬರಿಗೂ ಬೇರೆ ಬೇರೆ ಪರ್ಮಿಟ್ ಬೇಕಾಗಬಹುದು. ಕೆಡವುವವರ ಲಾರಿ ಒಡೆದದ್ದನ್ನು ಬಿಲ್ಡರ್ ತನ್ನದಲ್ಲ ಎನ್ನುತ್ತಾನೆ, ಕೆಡವಿದವನು ಅಷ್ಟರಲ್ಲಿ ಬೇರೆ ಊರಿನಲ್ಲಿರುತ್ತಾನೆ. ಮೊದಲನೆಯವರು ಹೋಗಿ ಎರಡನೆಯವರು ಬರುವ ಮೊದಲು ಆಸ್ತಿಯ ಸ್ಥಿತಿ ದಾಖಲಾಗಿರಬೇಕು.

ಅರ್ಜಿ, ಫೀಸು, ಬಾಂಡ್

ಇದು ಸುಲಭದ ಹಂತ. ಹೆಚ್ಚಿನ ಕೌನ್ಸಿಲ್‌ಗಳಲ್ಲಿ ಅರ್ಜಿ ಆನ್‌ಲೈನ್. ವಿಳಾಸ ಮತ್ತು ಲಾಟ್ ನಂಬರ್, ಮಾಲೀಕರ ಮತ್ತು ಬಿಲ್ಡರ್‌ನ ವಿವರ, ಬಿಲ್ಡಿಂಗ್ ಸರ್ವೇಯರ್ ಯಾರು, ಕೆಲಸದ ಅಂದಾಜು ಮೌಲ್ಯ, ಶುರುವಾಗುವ ತಾರೀಖು, ಸೈಟ್ ಪ್ಲಾನ್, ಈಗಿನ ಸ್ಥಿತಿಯ ಫೋಟೋಗಳು ಇಷ್ಟು ಸಿದ್ಧವಿರಲಿ. ಕೆಲವರು ಪಬ್ಲಿಕ್ ಲಯಬಿಲಿಟಿ ವಿಮೆಯ (ಬೇರೆಯವರಿಗೆ ಆಗುವ ಹಾನಿಗೆ ಮಾಡಿಸುವ ವಿಮೆ) ಪ್ರತಿ ಕೇಳುತ್ತಾರೆ.

ಫೀಸು ಹಿಂದೆ ಬರುವ ಹಣವಲ್ಲ, ಅದು ಅವರ ಕಚೇರಿ ಮತ್ತು ತಪಾಸಣೆಯ ಖರ್ಚಿಗೆ. ಬಾಂಡ್ ಹಿಂದೆ ಬರಬೇಕಾದ ಹಣ. ಎರಡಕ್ಕೂ ದರ ಕೌನ್ಸಿಲ್‌ನಿಂದ ಕೌನ್ಸಿಲ್‌ಗೆ ಬೇರೆ. ಕಾರ್ನರ್ ಸೈಟ್ ಆದರೆ ಎರಡು ಬೀದಿಯ ಆಸ್ತಿ ಸೇರುವುದರಿಂದ ಬಾಂಡ್ ಹೆಚ್ಚಿರಬಹುದು. ದರಪಟ್ಟಿ ಸಾಮಾನ್ಯವಾಗಿ ಜುಲೈ 1ಕ್ಕೆ ಬದಲಾಗುತ್ತದೆ, ಹಾಗಾಗಿ ಕಳೆದ ವರ್ಷ ಕಟ್ಟಿದವರ ಅಂಕಿ ನಂಬಿ ಬಜೆಟ್ ಹಾಕಬೇಡಿ. ಹಣ ಕಟ್ಟಿದ ರಸೀದಿ ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ. ಬಾಂಡ್ ವಾಪಸ್ ಹೋಗುವುದು ಕಟ್ಟಿದವರಿಗೆ. ನೀವು ಬಿಲ್ಡರ್‌ಗೆ ಹಣ ಕೊಟ್ಟು ಅವರು ತಮ್ಮ ಹೆಸರಿನಲ್ಲಿ ಕಟ್ಟಿದ್ದರೆ, ಆ ಹಣ ಬಿಲ್ಡರ್‌ನ ಖಾತೆಗೆ ಬಂದು ಅಲ್ಲೇ ತಣ್ಣಗೆ ಕೂತುಬಿಡಬಹುದು. ಒಪ್ಪಂದದಲ್ಲಿ ಇದಕ್ಕೂ ಒಂದು ಸಾಲು ಇರಲಿ.

ಪರ್ಮಿಟ್ ಕೈಗೆ ಬರುವವರೆಗೆ ಸೈಟಿಗೆ ಒಂದು ಲಾರಿಯೂ ಬರಬಾರದು. ಮಣ್ಣು ಸಮ ಮಾಡುವ ಲಾರಿ ಕೂಡ.

ಗುದ್ದಲಿ ಪೂಜೆಗೆ ಈ ಪರ್ಮಿಟ್ ಬೇಕೇ ಎಂದು ಕೇಳುವವರೂ ಇದ್ದಾರೆ. ಬೇಡ. ತೆಂಗಿನಕಾಯಿ ಒಡೆದರೆ ಕರ್ಬಿಗೆ ಏನೂ ಆಗುವುದಿಲ್ಲ. ಬಂದ ನೆಂಟರ ಕಾರುಗಳನ್ನು ಮಾತ್ರ ನೇಚರ್ ಸ್ಟ್ರಿಪ್ ಮೇಲೆ ಹತ್ತಿಸಬೇಡಿ, ಅದಕ್ಕೆ ದಂಡ ಬೇರೆ ಬೀಳುತ್ತದೆ.

ಫೋಟೋ: ಇಡೀ ಕೆಲಸದಲ್ಲಿ ಅರ್ಧ ಇದೇ

ಮೆಲ್ಬೋರ್ನಿನ ಪಶ್ಚಿಮದ ಬಡಾವಣೆಗಳು ಕೂತಿರುವುದು ಲಾವಾ ಕಲ್ಲಿನ ಬಯಲಿನ ಮೇಲೆ. ಮೇಲಿನ ಮಣ್ಣು ಜೇಡಿ: ಚಳಿಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ನಿಮ್ಮ ಮನೆಯ ಸ್ಲ್ಯಾಬಿನ ವಿನ್ಯಾಸಕ್ಕೆ ಎಂಜಿನಿಯರ್ ಮಣ್ಣಿನ ಪರೀಕ್ಷೆ ಕೇಳುವುದೇ ಇದಕ್ಕೆ. ಅದೇ ಮಣ್ಣಿನ ಮೇಲೆ ಫುಟ್‌ಪಾತೂ ಇದೆ. ಅಂದರೆ ಯಾವ ಲಾರಿಯೂ ಹತ್ತದೆ ಬಿರುಕು ಬಿಟ್ಟ ಫುಟ್‌ಪಾತ್, ಒಂದು ತುದಿ ಎದ್ದ ಕಾಂಕ್ರೀಟ್ ಇಲ್ಲಿ ಅಪರೂಪವಲ್ಲ. ಹೊಸ ಬಡಾವಣೆಯಾದರೆ ಪಕ್ಕದ ಸೈಟಿನವರ ಲಾರಿ ನಿಮ್ಮ ಮುಂದೆ ತಿರುಗಿ ಹೋಗಿರುತ್ತದೆ. ಹಳೆಯ ಬಿರುಕನ್ನು ನೀವು ಮೊದಲೇ ತೋರಿಸದಿದ್ದರೆ, ಕೊನೆಯ ತಪಾಸಣೆಯಲ್ಲಿ ಅದು ನಿಮ್ಮದೇ ಎಂದು ಲೆಕ್ಕ. ಹಲವು ಕೌನ್ಸಿಲ್‌ಗಳು ಇದನ್ನು ಪರ್ಮಿಟ್‌ನ ಷರತ್ತಿನಲ್ಲೇ ಬರೆದಿರುತ್ತವೆ.

ಕೌನ್ಸಿಲ್‌ನವರೇ ಬಂದು ಫೋಟೋ ತೆಗೆದುಕೊಂಡು ಹೋಗುವ ಪದ್ಧತಿ ಇದ್ದರೂ ನಿಮ್ಮದೊಂದು ಗಂಟು ಬೇರೆ ಇರಲಿ. ತೆಗೆಯುವ ಕ್ರಮ ಹೀಗೆ.

ಬೆಳಿಗ್ಗೆ ಅಥವಾ ಸಂಜೆ ಹೋಗಿ. ಬಿಸಿಲು ಓರೆಯಾಗಿ ಬಿದ್ದಾಗ ಕಾಂಕ್ರೀಟಿನ ಏರುತಗ್ಗು, ಅಂಚಿನ ಒಡಕು ನೆರಳಿನಿಂದಲೇ ಎದ್ದು ಕಾಣುತ್ತದೆ. ನಡುಹಗಲಿನ ಬಿಸಿಲಿನಲ್ಲಿ ಎಲ್ಲ ಚಪ್ಪಟೆ. ಇನ್ನೂ ಒಳ್ಳೆಯ ಹೊತ್ತೆಂದರೆ ಮಳೆ ನಿಂತು ಮೇಲ್ಮೈ ಅರೆಬರೆ ಒಣಗಿದಾಗ: ಕಾಂಕ್ರೀಟ್ ಬೆಳ್ಳಗಾಗಿರುತ್ತದೆ, ಬಿರುಕು ನೀರು ಹಿಡಿದುಕೊಂಡು ಕಪ್ಪು ಗೆರೆಯಾಗಿ ನಿಂತಿರುತ್ತದೆ. ಕೂದಲೆಳೆಯ ಬಿರುಕು ಕೂಡ ಫೋಟೋದಲ್ಲಿ ಸಿಗುತ್ತದೆ.

ಮೊದಲು ರಸ್ತೆಯ ಹೆಸರಿನ ಫಲಕ, ಪಕ್ಕದ ಮನೆಯ ನಂಬರ್ ಕಾಣುವಂತೆ ಒಂದು ವಿಡಿಯೋ ತೆಗೆಯಿರಿ. ಎಡ ಪಕ್ಕದವರ ಮನೆಯ ಮುಂದಿನಿಂದ ಶುರು ಮಾಡಿ, ನಿಮ್ಮ ಸೈಟ್ ದಾಟಿ, ಬಲ ಪಕ್ಕದವರ ಮುಂದೆ ಮುಗಿಸಿ. ಲಾರಿಗಳು ತಿರುಗುವುದು, ಕಾಯುವುದು ಪಕ್ಕದವರ ಮುಂದೆಯೇ ಹೆಚ್ಚು. ಎದುರು ಬದಿಯ ಕರ್ಬನ್ನೂ ಬಿಡಬೇಡಿ. ಆಮೇಲೆ ಫುಟ್‌ಪಾತನ್ನು ಎರಡು ಜಾಯಿಂಟ್‌ಗಳ ನಡುವಿನ ಒಂದೊಂದೇ ತುಂಡಾಗಿ ತೆಗೆಯಿರಿ. ಈ ತುಂಡಿಗೆ ಇಲ್ಲಿನವರು ಬೇ ಎನ್ನುತ್ತಾರೆ. ರಿಪೇರಿ ಮಾಡಿಸುವಾಗ ಕೌನ್ಸಿಲ್ ಲೆಕ್ಕ ಹಾಕುವುದು ಬೇ ಲೆಕ್ಕದಲ್ಲೇ: ಬಿರುಕಿಗೆ ಸಿಮೆಂಟ್ ಸವರಿದರೆ ಒಪ್ಪುವುದಿಲ್ಲ, ಇಡೀ ಬೇ ಕಿತ್ತು ಹೊಸದಾಗಿ ಹಾಕಬೇಕು ಎನ್ನುತ್ತಾರೆ. ಬಿರುಕು ಕಂಡಲ್ಲಿ ಪಕ್ಕದಲ್ಲಿ ಒಂದು ಡಾಲರ್ ನಾಣ್ಯವೋ ಅಳತೆ ಟೇಪೋ ಇಟ್ಟು ಹತ್ತಿರದಿಂದ ಒಂದು, ಅದು ಯಾವ ಬೇ ಎಂದು ಗೊತ್ತಾಗುವಂತೆ ದೂರದಿಂದ ಒಂದು. ಎರಡು ಬೇಗಳ ನಡುವೆ ಮೆಟ್ಟಿಲಿನ ಹಾಗೆ ಎತ್ತರದ ವ್ಯತ್ಯಾಸ ಇದ್ದರೆ ಅಳತೆ ಪಟ್ಟಿ ನಿಲ್ಲಿಸಿ ತೆಗೆಯಿರಿ.

ಕರ್ಬಿನ ಅಂಚು ಚೂರು ಹಾರಿದ ಜಾಗ, ಟೈರಿನ ಕಪ್ಪು ಗುರುತು, ಪಿಟ್ ಮುಚ್ಚಳದ ನಾಲ್ಕು ಮೂಲೆ, ಮೂಲೆಯ ಇಳಿಜಾರಿನಲ್ಲಿ ಕಣ್ಣು ಕಾಣದವರಿಗಾಗಿ ಹಾಕಿರುವ ಉಬ್ಬು ಚುಕ್ಕಿಯ ಟೈಲ್‌ಗಳು, ಬೀದಿ ಮರದ ಕಾಂಡ ಮತ್ತು ಕೆಳಗಿನ ಕೊಂಬೆ, ಇವು ಜನ ಮರೆಯುವ ಪಟ್ಟಿ. ನಗರದ ಒಳಭಾಗದ ಹಳೆ ಬಡಾವಣೆಗಳಲ್ಲಿ ಕಟ್ಟಿಸುವವರು ಬ್ಲೂಸ್ಟೋನ್ ಕರ್ಬ್, ಹಿಂಬದಿ ಓಣಿಯ ಬ್ಲೂಸ್ಟೋನ್ ಕಲ್ಲುಗಳನ್ನು ಒಂದೂ ಬಿಡದೆ ತೆಗೆಯಬೇಕು. ಹತ್ತೊಂಬತ್ತನೇ ಶತಮಾನದಿಂದ ಹಾಸಿಕೊಂಡು ಬಂದ ಆ ಕಲ್ಲು ಒಮ್ಮೆ ಜರುಗಿದರೆ ಕೂರಿಸುವುದು ಕಾಂಕ್ರೀಟ್ ಸುರಿದಷ್ಟು ಸುಲಭವಲ್ಲ, ಅಗ್ಗವೂ ಅಲ್ಲ.

ಫೋಟೋಗಳೆಲ್ಲ ಫೋನಿನಲ್ಲೇ ಉಳಿದರೆ ಪ್ರಯೋಜನವಿಲ್ಲ. ಹಾನಿ ಇರುವಷ್ಟನ್ನು ಅರ್ಜಿಯ ಜೊತೆಗೇ ಅಥವಾ ಕೆಲಸ ಶುರುವಾಗುವ ಮೊದಲೇ ಕೌನ್ಸಿಲ್‌ಗೆ ಇಮೇಲ್ ಮಾಡಿ, ಬಿಲ್ಡರ್‌ಗೆ ಒಂದು ಪ್ರತಿ ಹಾಕಿ. ಇಮೇಲ್‌ನ ತಾರೀಖೇ ನಿಮ್ಮ ಸಾಕ್ಷಿ.

ಮೊದಲ ಲಾರಿ ಬರುವ ಮುನ್ನ ಸೈಟ್ ಹೇಗಿರಬೇಕು

ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2.4 ಟನ್ ತೂಗುತ್ತದೆ. 6 ಘನ ಮೀಟರ್ ತುಂಬಿದ ಲಾರಿಯಲ್ಲಿ ಕಾಂಕ್ರೀಟಿನ ತೂಕವೊಂದೇ 14 ಟನ್ ಮೀರಿತು, ಲಾರಿಯದು ಬೇರೆ. ಜನ ನಡೆದಾಡಲೆಂದು ಹಾಕಿದ ಕಾಂಕ್ರೀಟ್ ಅದನ್ನು ತಡೆಯುವುದಿಲ್ಲ. ಆದ್ದರಿಂದ ಪರ್ಮಿಟ್‌ನ ಸಾಮಾನ್ಯ ಷರತ್ತು: ವಾಹನಗಳು ಕ್ರಾಸೋವರ್‌ನಿಂದ ಮಾತ್ರ ಒಳಗೆ ಬರಬೇಕು; ಬೇರೆ ಕಡೆಯಿಂದ ಬರುವುದಾದರೆ ಕೌನ್ಸಿಲ್ ಒಪ್ಪಿದ ತಾತ್ಕಾಲಿಕ ದಾರಿ ಹಾಕಬೇಕು. ಕರ್ಬ್ ಮತ್ತು ಫುಟ್‌ಪಾತಿನ ಮೇಲೆ ದಪ್ಪ ಮರದ ಹಲಗೆಗಳನ್ನು ಒತ್ತಾಗಿ ಹಾಸಿ, ಜರುಗದಂತೆ ಒಂದಕ್ಕೊಂದು ಬಿಗಿದು ಕಟ್ಟುವುದು ರೂಢಿ. ಹಲಗೆಗಳ ನಡುವೆ ಸಂದು ಬಿಟ್ಟರೆ ನಡೆಯುವವರ ಕಾಲು, ಮಗುವಿನ ಪ್ರ್ಯಾಮ್‌ನ ಚಕ್ರ ಸಿಕ್ಕಿಕೊಳ್ಳುತ್ತದೆ. ಕೆಲಸ ನಡೆಯುವಾಗಲೂ ಫುಟ್‌ಪಾತ್ ಜನರದ್ದೇ ಎಂಬುದನ್ನು ಕೆಲಸದವರು ಮರೆಯುವುದು ಬೇಗ.

ಇಟ್ಟಿಗೆಯ ಪ್ಯಾಲೆಟ್, ಮರಳು, ಮಣ್ಣಿನ ಗುಡ್ಡೆ, ಪೋರ್ಟಬಲ್ ಶೌಚಾಲಯ ಎಲ್ಲ ಗಡಿಯ ಬೇಲಿಯೊಳಗೆ ಇರಬೇಕು. ನಮ್ಮೂರ ಕಡೆ ಮನೆ ಕಟ್ಟುವುದೆಂದರೆ ರಸ್ತೆಯಲ್ಲಿ ಜಲ್ಲಿ, ಎಂ ಸ್ಯಾಂಡ್ ಸುರಿದು ಸುತ್ತ ನಾಲ್ಕು ಕಲ್ಲಿಡುವುದು ಎಂದು ಕಂಡು ಬೆಳೆದವರಿಗೆ ಇದು ಅತಿಯೆನಿಸಬಹುದು. ಸೈಟ್ ಇಕ್ಕಟ್ಟಾಗಿದ್ದು ಹೊರಗೆ ಇಡಲೇಬೇಕಾದರೆ ಅದಕ್ಕೆ ಬೇರೆ ಪರ್ಮಿಟ್ ಕೇಳಬೇಕು.

ಮರದ ವಿಷಯದಲ್ಲಿ ಆಸ್ಟ್ರೇಲಿಯನ್ ಸ್ಟ್ಯಾಂಡರ್ಡ್ ಎಎಸ್ 4970 ಒಂದು ಸರಳ ಲೆಕ್ಕ ಕೊಟ್ಟಿದೆ. ನೆಲದಿಂದ 1.4 ಮೀಟರ್ ಎತ್ತರದಲ್ಲಿ ಕಾಂಡದ ವ್ಯಾಸ ಅಳೆದು 12ರಿಂದ ಗುಣಿಸಿ. ಅಷ್ಟು ತ್ರಿಜ್ಯದ ವೃತ್ತ ಆ ಮರದ ರಕ್ಷಿತ ವಲಯ. ಕಾಂಡ 30 ಸೆಂಟಿಮೀಟರ್ ಇದ್ದರೆ ಸುತ್ತ 3.6 ಮೀಟರ್. ಎಷ್ಟೇ ಚಿಕ್ಕ ಮರವಾದರೂ 2 ಮೀಟರ್‌ಗೆ ಕಡಿಮೆಯಿಲ್ಲ, ಎಷ್ಟೇ ದೊಡ್ಡದಾದರೂ 15 ಮೀಟರ್‌ಗೆ ಹೆಚ್ಚಿಲ್ಲ. ಈ ವಲಯದಲ್ಲಿ ಅಗೆಯುವುದು, ಸಾಮಾನು ಪೇರಿಸುವುದು, ವಾಹನ ನಿಲ್ಲಿಸುವುದು ಬೇಡ. ಲಾರಿ ನಿಂತು ಮಣ್ಣು ಗಟ್ಟಿಯಾದರೆ ಬೇರಿಗೆ ಗಾಳಿ ನೀರು ಸಿಗದೆ ಮರ ಕೂಡಲೇ ಅಲ್ಲ, ಒಂದೆರಡು ವರ್ಷಕ್ಕೆ ಒಣಗುತ್ತದೆ. ಬೀದಿ ಮರಕ್ಕೆ ಕೌನ್ಸಿಲ್ ಹಾಕುವ ಬೆಲೆ ಸಸಿಯ ಬೆಲೆಯಲ್ಲ, ಅದು ಹೋದರೆ ಬಾಂಡ್ ಸಾಲದೆ ಹೋಗಬಹುದು. ಹೊಸ ಕ್ರಾಸೋವರ್‌ಗೆ ಮರ ಅಡ್ಡ ಬರುತ್ತದೆ ಎಂದು ನೀವೇ ಕಡಿಯುವ ಮಾತಂತೂ ಬೇಡವೇ ಬೇಡ.

ಮಳೆನೀರಿನ ಪಿಟ್‌ನ ಬಾಯಿಗೆ ಜಲ್ಲಿ ತುಂಬಿದ ಚೀಲ, ಸೈಟಿನ ತಗ್ಗು ಬದಿಗೆ ಮಣ್ಣು ತಡೆಯುವ ಬಟ್ಟೆಯ ಬೇಲಿ ಇವೂ ಆಗಲೇ ಬರಬೇಕು. ಇಲ್ಲಿನ ಬೀದಿ ಚರಂಡಿಯ ನೀರು ಒಳಚರಂಡಿಗೆ ಹೋಗುವುದಿಲ್ಲ, ತೊರೆಗೆ ಹೋಗುತ್ತದೆ. ಟಾರ್ನೀಟ್, ಹಾಪರ್ಸ್ ಕ್ರಾಸಿಂಗ್ ಕಡೆಯದು ಸ್ಕೆಲಿಟನ್ ಕ್ರೀಕ್ ಸೇರಿ ಪೋರ್ಟ್ ಫಿಲಿಪ್ ಕೊಲ್ಲಿಗೆ. ಕಾಂಕ್ರೀಟ್ ಲಾರಿಯ ತೊಳೆದ ನೀರು ಚಾನೆಲ್‌ಗೆ ಬಿಟ್ಟರೆ ಕೌನ್ಸಿಲ್ ಜೊತೆ ಪರಿಸರ ಪ್ರಾಧಿಕಾರವೂ ಬರುತ್ತದೆ.

ಇದೊಂದೇ ಪರ್ಮಿಟ್ ಅಲ್ಲ

ಅಸೆಟ್ ಪ್ರೊಟೆಕ್ಷನ್ ಪರ್ಮಿಟ್ ಇದೆ ಎಂದು ಫುಟ್‌ಪಾತ್ ಅಗೆಯುವಂತಿಲ್ಲ. ಆಸ್ತಿ ಒಡೆಯದಂತೆ ಕಾಯುವುದಷ್ಟೇ ಅದರ ಕೆಲಸ. ಹೊಸ ಕ್ರಾಸೋವರ್ ಹಾಕುವುದು, ಇರುವುದನ್ನು ಅಗಲ ಮಾಡುವುದು ಅಥವಾ ಪಕ್ಕಕ್ಕೆ ಸರಿಸುವುದು ಇವಕ್ಕೆ ವೆಹಿಕಲ್ ಕ್ರಾಸಿಂಗ್ ಪರ್ಮಿಟ್. ಮುಖ್ಯ ಹೆದ್ದಾರಿಗೆ ಹೊಂದಿಕೊಂಡ ಸೈಟಾದರೆ ಅದರ ಮೇಲೆ ಪ್ಲಾನಿಂಗ್ ಪರ್ಮಿಟ್‌ ಕೂಡ ಬೇಕಾಗಬಹುದು. ರಸ್ತೆ, ಫುಟ್‌ಪಾತ್, ನೇಚರ್ ಸ್ಟ್ರಿಪ್ ಅಗೆದು ಪೈಪು ಹಾಕಲು ರೋಡ್ ಮ್ಯಾನೇಜ್‌ಮೆಂಟ್ ಆಕ್ಟ್ 2004ರ ಪ್ರಕಾರ ಒಪ್ಪಿಗೆ ಬೇಕು. ನಿಮ್ಮ ಸೈಟಿನ ಮಳೆನೀರು ಕೌನ್ಸಿಲ್ ಪೈಪಿಗೆ ಎಲ್ಲಿ ಸೇರಬೇಕು ಎಂದು ತಿಳಿಸುವ ಲೀಗಲ್ ಪಾಯಿಂಟ್ ಆಫ್ ಡಿಸ್ಚಾರ್ಜ್ ಪತ್ರ ಇನ್ನೊಂದು. ಕಟ್ಟಡದ ಕಸ ತುಂಬುವ ದೊಡ್ಡ ತೊಟ್ಟಿ, ಅಂದರೆ ಸ್ಕಿಪ್ ಬಿನ್ ರಸ್ತೆಯಲ್ಲಿ ಇಡಲು, ಕ್ರೇನ್ ನಿಲ್ಲಿಸಲು ಮತ್ತೊಂದೆರಡು.

ಗ್ಯಾರೇಜ್ ಯಾವ ಬದಿಗೆ ಎನ್ನುವುದನ್ನು ಡಿಸೈನ್ ಹಂತದಲ್ಲೇ ಕ್ರಾಸೋವರ್ ನೋಡಿ ತೀರ್ಮಾನಿಸಿ. ಹೊಸ ಬಡಾವಣೆಗಳಲ್ಲಿ ಡೆವಲಪರ್ ಅದನ್ನು ಮೊದಲೇ ಹಾಕಿಬಿಟ್ಟಿರುತ್ತಾರೆ. ವಾಸ್ತು ನೋಡಿ ಮನೆಯ ಪ್ಲಾನ್ ಕನ್ನಡಿಯಲ್ಲಿಟ್ಟಂತೆ ತಿರುಗಿಸಿದರೆ, ಹಳೆ ಕ್ರಾಸೋವರ್ ಕಿತ್ತು ಕರ್ಬ್ ಮತ್ತೆ ಕಟ್ಟಿ, ಹೊಸದು ಹಾಕುವ ಖರ್ಚು ಸೇರುತ್ತದೆ. ನಡುವೆ ಪಿಟ್, ಮರ, ಕಂಬ ಇದ್ದರೆ ಕೌನ್ಸಿಲ್ ಒಪ್ಪದೆಯೂ ಇರಬಹುದು.

ಕೆಲಸ ನಡೆಯುವಾಗ

ಬಿಲ್ಡರ್ ಸ್ವಾಧೀನದಲ್ಲಿರುವ ಸೈಟಿನೊಳಗೆ ನೀವು ಬೇಕೆಂದಾಗ ಹೋಗುವಂತಿಲ್ಲ, ಅಪಾಯಿಂಟ್‌ಮೆಂಟ್ ಬೇಕು. ಫುಟ್‌ಪಾತಿನಲ್ಲಿ ನಡೆಯಲು ಯಾರ ಅಪ್ಪಣೆಯೂ ಬೇಡ. ವಾರಕ್ಕೊಮ್ಮೆ ಹೋಗಿ ಬನ್ನಿ. ಸ್ಲ್ಯಾಬ್ ಸುರಿದ ದಿನದ ಸಂಜೆ, ಇಟ್ಟಿಗೆ ಬಂದ ದಿನ, ಛಾವಣಿಯ ಹೆಂಚು ಬಂದ ದಿನ ತಪ್ಪಿಸಬೇಡಿ. ಒಡೆಯುವುದು ಹೆಚ್ಚಾಗಿ ಭಾರ ಬಂದ ದಿನಗಳಲ್ಲೇ.

ಒಡೆದದ್ದು ಕಂಡರೆ ಅವತ್ತೇ ಫೋಟೋ ತೆಗೆದು ಬಿಲ್ಡರ್‌ನ ಸೈಟ್ ಸೂಪರ್‌ವೈಸರ್‌ಗೆ ಇಮೇಲ್ ಮಾಡಿ. ಜನ ಎಡವಿ ಬೀಳುವಂತಿದ್ದರೆ ಅಡ್ಡಗಟ್ಟೆ, ಕೋನ್ ಇಟ್ಟು ಕೌನ್ಸಿಲ್‌ಗೂ ತಿಳಿಸಬೇಕು. ಇದನ್ನು ಮುಚ್ಚಿಟ್ಟರೆ ಬಾಂಡ್ ಉಳಿಯಬಹುದು ಎಂಬ ಆಸೆ ಬೇಡ. ಅಲ್ಲಿ ಬಿದ್ದ ವೃದ್ಧರೊಬ್ಬರ ಸೊಂಟ ಮುರಿದರೆ ಬರುವ ಕ್ಲೇಮ್‌ನ ಮುಂದೆ ಬಾಂಡ್ ಯಾವ ಮೂಲೆಗೆ? ಇನ್ನೊಂದು, ಪರಿಚಯದ ಕಾಂಕ್ರೀಟ್ ಮೇಸ್ತ್ರಿಯನ್ನು ಕರೆಸಿ ಭಾನುವಾರ ತೇಪೆ ಹಾಕಿಸಬೇಡಿ. ಕೌನ್ಸಿಲ್ ಜಾಗದಲ್ಲಿ ರಿಪೇರಿಗೂ ಒಪ್ಪಿಗೆ ಬೇಕು, ದಪ್ಪ, ಜಾಯಿಂಟ್, ಅಡಿಯ ಜಲ್ಲಿ ಎಲ್ಲ ಅವರ ನಕ್ಷೆಯಂತಿರಬೇಕು, ಕಾಂಕ್ರೀಟ್ ಸುರಿಯುವ ಮೊದಲು ಅಚ್ಚು ನೋಡಲು ಇನ್‌ಸ್ಪೆಕ್ಟರ್ ಬರುವುದೂ ಉಂಟು. ಇಲ್ಲದಿದ್ದರೆ ಅದನ್ನು ಕಿತ್ತು ಮತ್ತೆ ಹಾಕಿಸುತ್ತಾರೆ.

ಕೀ ಸಿಕ್ಕಿತು, ಕೆಲಸ ಮುಗಿದಿಲ್ಲ

ಇಲ್ಲಿನ ಬಿಲ್ಡರ್‌ಗಳ ಒಪ್ಪಂದದಲ್ಲಿ ಡ್ರೈವ್‌ವೇ, ಬೇಲಿ, ತೋಟ ಸೇರದಿರುವುದು ಸಾಮಾನ್ಯ. ಕೀ ಕೈಗೆ ಬಂದ ಮರುವಾರವೇ ನಾವು ಬೇರೆ ಕಾಂಕ್ರೀಟ್‌ನವರನ್ನು, ಬೇಲಿಯವರನ್ನು ಕರೆಸುತ್ತೇವೆ. ಗೃಹಪ್ರವೇಶಕ್ಕೆ ಅಪ್ಪ ಅಮ್ಮ ಊರಿನಿಂದ ಟಿಕೆಟ್ ಮಾಡಿಸಿಯಾಗಿರುತ್ತದೆ. ಬಿಲ್ಡರ್‌ನ ಪರ್ಮಿಟ್ ಅಷ್ಟರಲ್ಲಿ ಮುಚ್ಚಿರದಿದ್ದರೆ, ಡ್ರೈವ್‌ವೇ ಲಾರಿ ಒಡೆದದ್ದೋ ಬಿಲ್ಡರ್ ಲಾರಿ ಒಡೆದದ್ದೋ ಹೇಳುವವರಿಲ್ಲ. ಬಿಲ್ಡರ್ "ನಾವು ಬಿಡುವಾಗ ಸರಿಯಿತ್ತು" ಎನ್ನುತ್ತಾನೆ. ಕೆಲವೊಮ್ಮೆ ಅದು ನಿಜವೂ ಹೌದು.

ಹ್ಯಾಂಡೋವರ್ ದಿನ ಮನೆಯೊಳಗಿನ ಪೇಂಟ್, ಟೈಲ್ ನೋಡುವುದರ ಜೊತೆಗೆ ಹೊರಗೆ ಬಂದು ಮೊದಲಿನ ಫೋಟೋಗಳನ್ನು ಹಿಡಿದು ಅದೇ ಕ್ರಮದಲ್ಲಿ ಮತ್ತೊಂದು ಗಂಟು ತೆಗೆಯಿರಿ. ಬಿಲ್ಡರ್ ಪರ್ಮಿಟ್‌ನ ಫೈನಲ್ ಇನ್‌ಸ್ಪೆಕ್ಷನ್ ಆಗಿದೆಯೇ ಕೇಳಿ, ಆಗಿದ್ದರೆ ಕೌನ್ಸಿಲ್‌ನ ಪತ್ರದ ಪ್ರತಿ ತೆಗೆದುಕೊಳ್ಳಿ. ಆಮೇಲೆ ನಿಮ್ಮ ಡ್ರೈವ್‌ವೇ, ತೋಟದ ಕೆಲಸಕ್ಕೆ ಹೊಸ ಪರ್ಮಿಟ್ ಬೇಕೇ ಎಂದು ಕೌನ್ಸಿಲ್‌ಗೆ ಫೋನ್ ಮಾಡಿ.

ಬಾಂಡ್ ವಾಪಸ್

ಕೆಲಸ ಮುಗಿದ ಕೂಡಲೇ ಹಣ ತಾನಾಗಿ ಬರುತ್ತದೆ ಎಂದು ಕೂರಬೇಡಿ. ಬಹಳ ಕಡೆ ಫೈನಲ್ ಇನ್‌ಸ್ಪೆಕ್ಷನ್‌ಗೆ ನೀವೇ ಕೇಳಬೇಕು. ಕೇಳುವ ಮೊದಲು ನೇಚರ್ ಸ್ಟ್ರಿಪ್‌ನ ಕಸ, ಇಟ್ಟಿಗೆ ಚೂರು ತೆಗೆದು, ಟೈರು ಒತ್ತಿದ ಹಳ್ಳಗಳಿಗೆ ಮಣ್ಣು ತುಂಬಿ, ಹುಲ್ಲು ಬೀಜ ಹಾಕಿ. ಚಾನೆಲ್‌ನಲ್ಲಿ ಗಟ್ಟಿಯಾದ ಕಾಂಕ್ರೀಟ್ ಹನಿಗಳನ್ನು ಕೆರೆದು ತೆಗೆಸಿ. ಪಿಟ್‌ನೊಳಗೆ ಇಣುಕಿ ನೋಡಿ. ಅಲ್ಲಿ ಸಿಮೆಂಟ್ ನೀರು ಹೆಪ್ಪುಗಟ್ಟಿ ಪೈಪು ಕಿರಿದಾಗಿದ್ದರೆ ಅದನ್ನೂ ಎಣಿಸುತ್ತಾರೆ.

ಇನ್‌ಸ್ಪೆಕ್ಟರ್ ಹಾನಿ ಇದೆ ಎಂದರೆ ಯಾವ ಬೇ, ಎಷ್ಟು ಬೇ, ಎಷ್ಟು ದಿನದೊಳಗೆ ಸರಿಪಡಿಸಬೇಕು ಎಂದು ಬರಹದಲ್ಲಿ ಕೇಳಿ. ಅವಧಿ ಮೀರಿದರೆ ಕೌನ್ಸಿಲ್ ತಾನೇ ಮಾಡಿಸಿ ಬಾಂಡ್‌ನಿಂದ ಹಿಡಿಯುತ್ತದೆ, ಸಾಲದಿದ್ದರೆ ಉಳಿದದ್ದಕ್ಕೆ ಬಿಲ್ ಕಳಿಸುತ್ತದೆ. ಅವರ ಗುತ್ತಿಗೆದಾರರ ದರ ನೀವು ಮಾಡಿಸುವುದಕ್ಕಿಂತ ಹೆಚ್ಚಿರಬಹುದು, ಆದ್ದರಿಂದ ಹಾನಿ ನಿಮ್ಮದೇ ಆಗಿದ್ದರೆ ಬೇಗ ಮಾಡಿಸಿಬಿಡುವುದು ಲಾಭ.

ಹಾನಿ ನಿಮ್ಮದಲ್ಲ ಎನ್ನುವುದಾದರೆ ಮೊದಲು ಅವರ ಆರಂಭದ ಫೋಟೋಗಳನ್ನು ಕೇಳಿ, ಪಕ್ಕದಲ್ಲಿ ನಿಮ್ಮದನ್ನು ಇಟ್ಟು ಉತ್ತರ ಬರೆಯಿರಿ. ಅಲ್ಲಿಗೆ ಬಗೆಹರಿಯದಿದ್ದರೆ ಕೌನ್ಸಿಲ್‌ನ ದೂರು ವಿಭಾಗಕ್ಕೆ, ಆಮೇಲೆ ಸರ್ಕಾರಿ ಕಚೇರಿಗಳ ಮೇಲಿನ ದೂರು ವಿಚಾರಿಸುವ ವಿಕ್ಟೋರಿಯನ್ ಓಂಬುಡ್ಸ್‌ಮನ್‌ಗೆ ಹೋಗಬಹುದು. ದೂರು ಕೊಡಲು ಹಣ ಬೇಡ. ಒಡೆದದ್ದು ಬಿಲ್ಡರ್, ಕಳೆದುಕೊಂಡದ್ದು ನೀವು ಎಂಬ ತಕರಾರಾದರೆ ಅದು ಕೌನ್ಸಿಲ್‌ಗೆ ಸಂಬಂಧಿಸಿದ್ದಲ್ಲ. 2025ರ ಜುಲೈ 1ರಿಂದ ಮನೆ ಕಟ್ಟುವ ವಿವಾದಗಳನ್ನು ಬಿಲ್ಡಿಂಗ್ ಅಂಡ್ ಪ್ಲಂಬಿಂಗ್ ಕಮಿಷನ್ ನೋಡುತ್ತದೆ, ಅಲ್ಲಿ ವಿಚಾರಿಸಿ.

ಕೊನೆಯದಾಗಿ ಎರಡು ಚಿಕ್ಕ ಸಂಗತಿ. ಪರ್ಮಿಟ್‌ಗೆ ಮುಗಿಯುವ ತಾರೀಖು ಇರುತ್ತದೆ, ಮನೆ ತಡವಾದರೆ ಅದನ್ನು ಮುಂದುವರಿಸಲು ಕೇಳಬೇಕು. ಮತ್ತೆ, ಬಾಂಡ್ ಕಟ್ಟುವಾಗ ನೀವಿದ್ದದ್ದು ಬಾಡಿಗೆ ಮನೆಯ ವಿಳಾಸದಲ್ಲಿ. ಹೊಸ ಮನೆಗೆ ಬಂದ ಮೇಲೆ ಕೌನ್ಸಿಲ್‌ನ ಅಸೆಟ್ ವಿಭಾಗಕ್ಕೆ ಹೊಸ ವಿಳಾಸ, ಬ್ಯಾಂಕ್ ಖಾತೆಯ ವಿವರ ಕೊಡಿ. ಆಸ್ತಿ ತೆರಿಗೆಯ ರೇಟ್ಸ್ ನೋಟಿಸ್ ಹೊಸ ಮನೆಗೆ ಬಂದಿದೆ ಎಂದ ಮಾತ್ರಕ್ಕೆ ಬಾಂಡ್ ವಿಭಾಗಕ್ಕೂ ಅದು ಗೊತ್ತಿದೆ ಎಂದುಕೊಳ್ಳಬೇಡಿ.